ಅವರಿಗೂ ನಾವು ಕೇಳಿಸುತ್ತೇವೆ

(ಮಾರ್ಚ್ 27ರ ವಿಶ್ವ ರಂಗಭೂಮಿ ದಿನದ ಸಂಜೆ ಊರಿನ ಗ್ರಂಥಾಲಯದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಸೆಖೆಯಲ್ಲಿ, ಕೆಲಸ ಮುಗಿಸಿ ಮನೆಗೆ ಹೋಗುವ ಹೊತ್ತಿನಲ್ಲಿ, ನಾಟಕದ ಬಗ್ಗೆ ಮಾತು ಕೇಳೋಕೆ ಇಷ್ಟು ಜನ ಬಂದಿದ್ದೀರಿ. ನಿಜವಾಗಿ ಖುಷಿಯಾಯಿತು. ನಾನು ಬಣ್ಣ ಹಚ್ಚಿದವನಲ್ಲ. ನಿರ್ದೇಶನ ಮಾಡಿದವನೂ ಅಲ್ಲ. ಮೂವತ್ತೈದು ವರ್ಷದಿಂದ ನಾಟಕ ನೋಡುತ್ತಾ ಬಂದಿದ್ದೇನೆ, ಅಷ್ಟೇ. "ರಂಗಭೂಮಿಯ ಬಗ್ಗೆ ನಾಲ್ಕು ಮಾತಾಡಿ" ಅಂತ ಇವರು ಕರೆದಾಗ, ನಾನು ನಾಟಕ ನೋಡುವವರ ಬಗ್ಗೆ ಮಾತಾಡುತ್ತೇನೆ ಅಂದೆ. ಅದರಲ್ಲೂ ಚಿಕ್ಕ ಜಾಗದಲ್ಲಿ ಕೂತು ನೋಡುವವರ ಬಗ್ಗೆ.

ಒಂದು ಸಂಜೆಯಿಂದ ಶುರು ಮಾಡುತ್ತೇನೆ.

ನೂರೈವತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದ ಒಂದು ಸಭಾಭವನ. ಊರು ಇಲ್ಲೇ ಹತ್ತಿರದ್ದು. ಹಾಡು ಜಾಸ್ತಿ ಇರುವ ನಾಟಕ. ನಾನು ಹೋಗುವ ಹೊತ್ತಿಗೆ ಮುಂದಿನ ಸಾಲುಗಳೆಲ್ಲ ತುಂಬಿ, ಬಲಗಡೆ ಮೂಲೆಯಲ್ಲಿ ಒಂದೇ ಒಂದು ಕುರ್ಚಿ ಉಳಿದಿತ್ತು. ಅಲ್ಲಿಂದ ಅರ್ಧ ರಂಗ ಕಾಣುತ್ತಿರಲಿಲ್ಲ. ಆದರೆ ಮೇಳ ಪೂರ್ತಿ ಕಾಣುತ್ತಿತ್ತು. ಹಾರ್ಮೋನಿಯಂ, ಢೋಲಕ್, ತಾಳ, ಮೂರೇ ಜನ. ಹಾರ್ಮೋನಿಯಂ ನುಡಿಸುವವರಿಗೂ ನನಗೂ ನಡುವೆ ಎರಡು ಮೊಳ ದೂರ ಇದ್ದಿರಬೇಕು.

ಅವತ್ತು ಆ ತಂಡಕ್ಕೆ ಅದು ಎರಡನೇ ಪ್ರದರ್ಶನ. ಬೆಳಗ್ಗೆ ಶಾಲೆ ಮಕ್ಕಳಿಗೆ ಅಂತ ಒಂದು ಆಡಿ ಬಂದಿದ್ದರು. ಮುಖ್ಯ ಪಾತ್ರದ ಹುಡುಗಿಯ ಗಂಟಲು ದಣಿದಿತ್ತು. ಮೊದಲ ಹಾಡಿನಲ್ಲಿ ಮೇಲಿನ ಷಡ್ಜಕ್ಕೆ, ಅಂದರೆ ಎತ್ತರದ "ಸ"ಕ್ಕೆ, ಹೋದಾಗ ಧ್ವನಿ ಒಂಚೂರು ಒಡೆಯಿತು. ಸಭೆಯಲ್ಲಿ ಯಾರಿಗೂ ಗೊತ್ತಾದ ಹಾಗೆ ಕಾಣಲಿಲ್ಲ. ಹಾರ್ಮೋನಿಯಂನವರು ಮಾತ್ರ ತಲೆ ಎತ್ತಿ ನೋಡಿದರು.

ಎರಡನೇ ಹಾಡು ಬರುವ ಮೊದಲು ಐದಾರು ಮಾತಿನ ಒಂದು ಸಂಭಾಷಣೆ ಇತ್ತು. ಅಷ್ಟರಲ್ಲಿ ಅವರು ಬಿಳಿ ಐದರ, ಅಂದರೆ ಐದನೇ ಬಿಳಿ ಕೀಯ, ಮೇಲಿದ್ದ ಬೆರಳನ್ನು ಬಿಳಿ ನಾಲ್ಕಕ್ಕೆ ಇಳಿಸಿದರು. ಒಂದು ಪೂರ್ತಿ ಸ್ವರ ಕೆಳಗೆ. ಢೋಲಕ್‌ನವರಿಗೆ ಕಣ್ಣಲ್ಲೇ ಏನೋ ಹೇಳಿದರು. ಆಮೇಲೆ ತಿದಿಯನ್ನು ಮೆಲ್ಲಗೆ ಒತ್ತಿ, ಸಂಭಾಷಣೆಯ ಅಡಿಯಲ್ಲೇ ಹೊಸ ಶ್ರುತಿ ಹಿಡಿದುಕೊಂಡು ಕೂತರು. ಹುಡುಗಿ ಮಾತಾಡುತ್ತಲೇ ಇದ್ದಳು. ಕಿವಿ ಈ ಕಡೆ ಇತ್ತು. ಶ್ರುತಿ ಇಳಿದದ್ದು ಅವಳಿಗೆ ಗೊತ್ತಾದ ಆ ಗಳಿಗೆಯಲ್ಲಿ ಅವಳ ಭುಜ ಸಡಿಲವಾದದ್ದು ನನಗೆ ಕಂಡಿತು. ಹಾಡಿದಳು. ಈ ಸಲ ಮೇಲಿನ ಷಡ್ಜ ದುಂಡಗೆ ನಿಂತಿತು.

ಜನ ಹಾಡು ಮುಗಿಯುವ ಮೊದಲೇ ಚಪ್ಪಾಳೆ ತಟ್ಟಿಬಿಟ್ಟರು. ಇನ್ನೂ ಒಂದು ಸಾಲು ಬಾಕಿ ಇತ್ತು. ಅವಳು ಕಾದಳು. ಹಾರ್ಮೋನಿಯಂನವರು "ಸ" ಹಿಡಿದುಕೊಂಡೇ ಕಾದರು. ಚಪ್ಪಾಳೆ ಇಳಿಯುತ್ತಾ ಬಂದು, ಕೊನೆಗೆ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ತಟ್ಟುವುದು ನಿಲ್ಲಿಸಿದ ಮೇಲೆ, ಆ ಕೊನೆಯ ಸಾಲು ಬಂತು.

ಅವತ್ತು ಮನೆಗೆ ಹೋಗುವಾಗ ನಾಟಕದ ಕತೆಗಿಂತ ಇದೇ ತಲೆಯಲ್ಲಿ ತಿರುಗುತ್ತಿತ್ತು. ಅವರು ಅವಳನ್ನು ಕೇಳಿಸಿಕೊಂಡರು. ಅವಳು ಅವರನ್ನು ಕೇಳಿಸಿಕೊಂಡಳು. ಇಬ್ಬರೂ ಸೇರಿ ನಮ್ಮನ್ನು ಕೇಳಿಸಿಕೊಂಡರು. ನಾವು ಕತ್ತಲಲ್ಲಿ ಕೂತಿದ್ದೇವೆ, ನಮ್ಮ ಲೆಕ್ಕ ಯಾರಿಗೂ ಇಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಹಾಗಲ್ಲ. ನಾವು ಕೆಮ್ಮಿದ್ದು, ನಕ್ಕಿದ್ದು, ಉಸಿರು ಹಿಡಿದದ್ದು ಎಲ್ಲ ರಂಗದ ಮೇಲಿದ್ದವರಿಗೆ ತಲುಪುತ್ತದೆ. ನನಗೆ ಇವತ್ತು ಹೇಳಬೇಕಾಗಿರುವುದು ಇದೊಂದೇ. ಉಳಿದದ್ದೆಲ್ಲ ಇದರ ಸುತ್ತ ಬರುವ ಮಾತು.

ರೆಕಾರ್ಡ್ ಮಾಡಿದ ಟ್ರ್ಯಾಕಿನಲ್ಲಿ ಇದು ಆಗುವುದಿಲ್ಲ. ಟ್ರ್ಯಾಕ್ ತನ್ನ ಪಾಡಿಗೆ ತಾನು ಓಡುತ್ತದೆ. ಗಂಟಲು ಕೆಟ್ಟರೂ ಅದೇ ಶ್ರುತಿ, ಜನ ಚಪ್ಪಾಳೆ ತಟ್ಟಿದರೂ ಅದೇ ಓಟ. ಹಾಗಂತ ಟ್ರ್ಯಾಕ್ ಬಳಸುವ ತಂಡಗಳನ್ನು ನಾನು ಬೈಯುವುದಿಲ್ಲ. ಮೂರು ಜನ ವಾದ್ಯದವರನ್ನು ಕರೆದುಕೊಂಡು ಹೋಗಬೇಕೆಂದರೆ ಬಸ್ ಚಾರ್ಜು, ಊಟ, ರಾತ್ರಿ ಉಳಿಯುವ ಜಾಗ ಎಲ್ಲ ನೋಡಬೇಕು. ಸಣ್ಣ ತಂಡಕ್ಕೆ ಅದು ದೊಡ್ಡ ಹೊರೆ. ಆದರೂ ಜೀವಂತ ಮೇಳ ಇದೆ ಅಂತ ಗೊತ್ತಾದರೆ ನಾನು ಎರಡು ಬಸ್ ಬದಲಿಸಿಯಾದರೂ ಹೋಗುತ್ತೇನೆ.

ಇಂಗ್ಲಿಷಿನವರು ಹಾಡು-ಕುಣಿತ ಇರುವ ನಾಟಕಕ್ಕೆ ಮ್ಯೂಸಿಕಲ್ ಅಂತ ಬೇರೆ ಹೆಸರು ಇಟ್ಟಿದ್ದಾರೆ. ನಮ್ಮಲ್ಲಿ ಹಾಗೆ ಬೇರೆ ಮಾಡಿ ಹೇಳುವ ಅಗತ್ಯವೇ ಬರಲಿಲ್ಲ. ನಮ್ಮ ನಾಟಕ ಹುಟ್ಟಿದ್ದೇ ಹಾಡಿನ ಜೊತೆ. ಯಕ್ಷಗಾನದಲ್ಲಿ ಭಾಗವತರು ಹಾಡಿದರೆ ತಾನೇ ವೇಷ ರಂಗಕ್ಕೆ ಬರುವುದು? ಬೆಳಗಾವಿ, ಬಾಗಲಕೋಟೆ ಕಡೆ ಹೋದರೆ ಶ್ರೀಕೃಷ್ಣ ಪಾರಿಜಾತ ಇದೆ. ಅಲ್ಲಿ ಮಾತಿಗಿಂತ ಹಾಡೇ ಮುಂದೆ. ಕಂಪನಿ ನಾಟಕಗಳ ಕಾಲಕ್ಕೆ ಬಂದರಂತೂ ಹಾಡಲು ಬಾರದವರಿಗೆ ದೊಡ್ಡ ಪಾತ್ರವೇ ಸಿಗುತ್ತಿರಲಿಲ್ಲ.

ನಾನು ಮೊದಲು ನಾಟಕ ನೋಡಿದ್ದು ಕಂಪನಿಯದ್ದೇ. ಸಾಗರದಲ್ಲಿ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆ ಬಂತು ಅಂದರೆ ನಾಟಕ ಕಂಪನಿಗಳ ಟೆಂಟೂ ಬಂತು. ಸುತ್ತ ತಗಡು, ಒಳಗೆ ಮುಂದೆ ಕುರ್ಚಿ, ಹಿಂದೆ ಬೆಂಚು, ಪಕ್ಕದಲ್ಲಿ ನೆಲ. ನಮ್ಮದು ನೆಲದ ಟಿಕೆಟು. ಅಮ್ಮ ಕಂಬಳಿ ಹಿಡಿದುಕೊಂಡು ಬರುತ್ತಿದ್ದಳು. ಮೊದಲ ಬೆಲ್ಲಿಗೆ ಜನ ಇನ್ನೂ ಮಂಡಕ್ಕಿ ತಿನ್ನುತ್ತಿರುತ್ತಾರೆ. ಎರಡನೇ ಬೆಲ್ಲಿಗೆ ಮಕ್ಕಳನ್ನು ಎಳೆದು ಕೂರಿಸುತ್ತಾರೆ. ಮೂರನೇ ಬೆಲ್ ಹೊಡೆದು ದೀಪ ಆರಿದ ಕೂಡಲೇ ಪರದೆಯ ಹಿಂದಿನಿಂದ, ಕಾಲಲ್ಲಿ ತುಳಿದು ನುಡಿಸುವ ಲೆಗ್ ಹಾರ್ಮೋನಿಯಂ ಶ್ರುತಿ ಏಳುತ್ತಿತ್ತು. ಇಡೀ ತಂಡ ಸಾಲಾಗಿ ನಿಂತು ನಾಂದಿ ಹಾಡುತ್ತಿದ್ದರು. ಆ ಮೂರನೇ ಬೆಲ್ಲಿಗೂ ಹಾರ್ಮೋನಿಯಂ ಶ್ರುತಿಗೂ ನಡುವಿನ ಎರಡು ಕ್ಷಣ ಇದೆಯಲ್ಲ, ಈಗಲೂ ಅದು ಬಂದಾಗ ನನ್ನ ಕೈ ಅಮ್ಮನ ಕಂಬಳಿ ಹುಡುಕುತ್ತದೆ.

ಹಿರಿಯರು ಇನ್ನೊಂದು ಹೇಳುತ್ತಿದ್ದರು. ಹಾಡು ಇಷ್ಟವಾದರೆ ಜನ "ವನ್ಸ್ ಮೋರ್" ಅಂತ ಕೂಗುವುದು. ಪಾತ್ರ ಸತ್ತು ಬಿದ್ದಿದ್ದರೂ ಎದ್ದು ಬಂದು ಇನ್ನೊಮ್ಮೆ ಹಾಡಿ, ಮತ್ತೆ ಹೋಗಿ ಸಾಯುವುದು! ಕೇಳಿದರೆ ಈಗಿನವರಿಗೆ ತಮಾಷೆ ಅನಿಸುತ್ತದೆ. ನನಗೆ ಅದರಲ್ಲಿ ಬೇರೆಯದೇ ಕಾಣುತ್ತದೆ. ಜನ ಕೇಳಿದರು, ನಟ ಕೊಟ್ಟ. ಕತೆ ಮುರಿದರೂ ಪರವಾಗಿಲ್ಲ, ಎದುರು ಕೂತವರ ಮಾತಿಗೆ ಬೆಲೆ ಇತ್ತು.

1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಹೆಸರು ಕೇಳದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಬಂಟ್ವಾಳದ ಹತ್ತಿರದ ಮಂಚಿಯ ಒಬ್ಬ ಹುಡುಗ ಮನೆ ಬಿಟ್ಟು ಬಂದು ಆ ಕಂಪನಿ ಸೇರಿದ. ಗುಬ್ಬಿ ವೀರಣ್ಣನವರೇ ಆತನನ್ನು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತವನ್ನೂ ಕಲಿತದ್ದಾಯಿತು. ಆ ಹುಡುಗನೇ ಬಿ.ವಿ. ಕಾರಂತರು. 1970ರ ದಶಕದಲ್ಲಿ ಬೆಂಗಳೂರಿನ ಹವ್ಯಾಸಿ ತಂಡಗಳ ನಾಟಕಗಳಿಗೆ ಹಾಡು ಮತ್ತೆ ಜೋರಾಗಿ ಬಂದದ್ದು ಅವರಿಂದ. ಕಂಪನಿಯಲ್ಲಿ ಕೇಳಿದ್ದು, ಊರಿನಲ್ಲಿ ಕೇಳಿದ ಯಕ್ಷಗಾನ, ಕಾಶಿಯಲ್ಲಿ ಕಲಿತದ್ದು ಎಲ್ಲ ಅವರ ರಂಗಸಂಗೀತದಲ್ಲಿ ಕೂಡಿಕೊಂಡಿತು. ಡಬ್ಬ, ಕೋಲು, ಕಲ್ಲು, ಕೈಗೆ ಸಿಕ್ಕಿದ್ದರಿಂದ ನಾದ ತೆಗೆಯುತ್ತಿದ್ದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುವಾದಾಗ ಅದರ ಮೊದಲ ನಿರ್ದೇಶಕರು ಅವರೇ. ಇವತ್ತು ಯಾವ ಸಣ್ಣ ಊರಿನ ತಂಡ ರಂಗಗೀತೆ ಹಾಡಿದರೂ ಅದರಲ್ಲಿ ಕಾರಂತರ ಒಂದು ಎಳೆ ಇದ್ದೇ ಇರುತ್ತದೆ ಅಂತ ನನ್ನ ನಂಬಿಕೆ.

ನಾಟಕ ಬೇಕೆಂದರೆ ಬೆಂಗಳೂರು, ಮೈಸೂರಿಗೇ ಹೋಗಬೇಕು ಅಂತ ಕೆಲವರು ಅಂದುಕೊಂಡಿದ್ದಾರೆ. ನಮ್ಮ ಜಿಲ್ಲೆಯವರು ಹಾಗೆ ಅಂದುಕೊಳ್ಳಬಾರದು. ಸಾಗರದಿಂದ ಏಳೆಂಟು ಕಿಲೋಮೀಟರ್ ಹೋದರೆ ಹೆಗ್ಗೋಡು. ಅಡಿಕೆ ತೋಟದ ಊರು. ಅಲ್ಲಿ 1949ರಲ್ಲಿ ಊರವರು ಕೂಡಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಅಂತ ಕಟ್ಟಿಕೊಂಡರು. ನೀನಾಸಮ್ ಅಂದರೆ ಅದೇ. 1972ರಲ್ಲಿ ರಂಗಮಂದಿರ ಕಟ್ಟಿ ಅದಕ್ಕೆ ಶಿವರಾಮ ಕಾರಂತರ ಹೆಸರಿಟ್ಟರು. 1980ರಲ್ಲಿ ನಾಟಕ ಕಲಿಸುವ ಶಾಲೆ, 1985ರಲ್ಲಿ ತಿರುಗಾಟ. ಇದನ್ನೆಲ್ಲ ಮುಂದೆ ನಿಂತು ನಡೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಶಸ್ತಿ ಬಂದದ್ದು ದೊಡ್ಡದೇ. ನನಗೆ ಅದಕ್ಕಿಂತ ದೊಡ್ಡದು ಅನಿಸುವುದು ತಿರುಗಾಟ. ನಟರು, ಸೆಟ್ಟು, ಲೈಟು, ವಾದ್ಯ ಎಲ್ಲ ಒಟ್ಟಿಗೆ ಊರಿಂದ ಊರಿಗೆ ಹೋಗುವುದು. ಹೈಸ್ಕೂಲಿನ ಮೈದಾನ ಆದರೂ ಸರಿ, ದೇವಸ್ಥಾನದ ಸಭಾಭವನ ಆದರೂ ಸರಿ. ಬೆಳಗ್ಗೆ ಖಾಲಿ ಇದ್ದ ಜಾಗ ಸಂಜೆಗೆ ರಂಗಮಂದಿರ. ರಾತ್ರಿಯೇ ಬಿಚ್ಚಿ ಕಟ್ಟಿ ಗಾಡಿಗೆ ತುಂಬಿದರೆ ಮಾರನೇ ದಿನ ಇನ್ನೊಂದು ಊರು.

ಹೀಗೆ ಊರೂರು ತಿರುಗುವ ಇನ್ನೊಂದು ಸಣ್ಣ ತಂಡದ ನಾಟಕದಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಹೇಳದೆ ಮುಂದೆ ಹೋಗಲಾರೆ.

ಶಾಲೆಯ ಅಂಗಳ. ಮುಂದೆ ಜಮಖಾನೆಯ ಮೇಲೆ ಮಕ್ಕಳು, ಅವರ ಪಕ್ಕದಲ್ಲಿ ಒಬ್ಬರು ಅಜ್ಜಿ. ಮಂಡಿ ನೋವೋ ಏನೋ, ಕಾಲು ಚಾಚಿ ಕೂತಿದ್ದರು. ರಂಗದ ಮೇಲೆ ಒಂದು ಹೆಣ್ಣು ರಾತ್ರಿ ಹೊತ್ತಿನಲ್ಲಿ ಗಂಡನ ಮನೆ ಬಿಟ್ಟು ಹೊರಡುತ್ತಾಳೆ. ಕಂಕುಳಲ್ಲಿ ಬಟ್ಟೆಯ ಗಂಟು. ಹೊಸಿಲು ಅಂತ ನೆಲದ ಮೇಲೆ ಒಂದು ಸುಣ್ಣದ ಗೆರೆ. ಅವಳು ಗೆರೆಯ ಹತ್ತಿರ ಬಂದಳು. ಅಷ್ಟರಲ್ಲಿ ಅಜ್ಜಿ ಜೋರಾಗಿಯೇ ಅಂದರು: "ಈ ಕತ್ಲೇಲಿ ಎಲ್ಲಿಗ್ ಹೋಗ್ತಿ ಮಗಾ?"

ಯಾರೂ ನಗಲಿಲ್ಲ. ನಟಿ ಗೆರೆಯ ಮೇಲೇ ನಿಂತಳು. ತಿರುಗಿ ಅಜ್ಜಿಯ ಕಡೆ ನೋಡಿದಳು. ಉತ್ತರ ಕೊಡಲಿಲ್ಲ. ಕೊಡಲು ಅವಳ ಹತ್ತಿರ ಮಾತೂ ಇರಲಿಲ್ಲ. ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು ಗೆರೆ ದಾಟಿ ಹೋದಳು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅದೇ ತಂಡದ ಅದೇ ನಾಟಕವನ್ನು ಎರಡು ವಾರ ಬಿಟ್ಟು ಇನ್ನೊಂದು ಊರಿನಲ್ಲಿ ನೋಡಿದೆ. ಅಲ್ಲಿ ಅಜ್ಜಿ ಇರಲಿಲ್ಲ. ಆದರೂ ನಟಿ ಗೆರೆಯ ಮೇಲೆ ನಿಂತಳು. ತಿರುಗಿದಳು. ಜಮಖಾನೆ ಇರುವ ಕಡೆ ನೋಡಿದಳು. ಗಂಟು ಬಿಗಿ ಹಿಡಿದಳು. ಹೋದಳು. ಅಜ್ಜಿಯ ಒಂದು ಮಾತು ನಾಟಕದ ಒಳಗೆ ಸೇರಿಬಿಟ್ಟಿತ್ತು. ಅದು ಬಹುಶಃ ಆ ಅಜ್ಜಿಗೆ ಗೊತ್ತೂ ಇಲ್ಲ. ಆ ವರ್ಷ ಆ ನಾಟಕ ನೋಡಿದ ಎಷ್ಟೋ ಜನ ಅವರ ಮಾತಿನ ನೆರಳನ್ನು ನೋಡಿದ್ದಾರೆ.

ಇದು ಸಣ್ಣ ಜಾಗದಲ್ಲಿ ಮಾತ್ರ ಸಾಧ್ಯ. ರಂಗಮಂದಿರ ಕಟ್ಟುವವರು ಒಂದು ಲೆಕ್ಕ ಇಟ್ಟುಕೊಳ್ಳುತ್ತಾರೆ: ಇಪ್ಪತ್ತು ಮೀಟರ್ ದಾಟಿದರೆ ಮುಖದ ಸಣ್ಣ ಭಾವಗಳು ಕಾಣುವುದಿಲ್ಲ. ಹುಬ್ಬು ಕುಣಿದದ್ದು, ತುಟಿ ನಡುಗಿದ್ದು ಎಲ್ಲ ಹತ್ತಿರದವರ ಪಾಲಿಗೆ. ಮಾತು ಕೂಡ ಹಾಗೇ. ಮೈಕ್ ಇಲ್ಲದ ಧ್ವನಿ ನಟನ ಬಾಯಿಂದ ನೇರವಾಗಿ ನಿಮ್ಮ ಕಿವಿಗೆ ಬರುತ್ತದೆ. ಎಡಗಡೆ ನಿಂತು ಮಾತಾಡಿದರೆ ಎಡಗಡೆಯಿಂದಲೇ ಕೇಳಿಸುತ್ತದೆ. ಸ್ಪೀಕರ್ ಹಾಕಿದರೆ ಎಲ್ಲರ ಮಾತೂ ಒಂದೇ ಡಬ್ಬದಿಂದ ಬಂದ ಹಾಗೆ ಇರುತ್ತದೆ. ಇನ್ನೊಂದು ವಿಷಯ ನನಗೆ ಲೈಟಿಂಗ್ ಮಾಡುವ ಗೆಳೆಯರೊಬ್ಬರು ಹೇಳಿಕೊಟ್ಟರು. ಖಾಲಿ ಹಾಲಿನಲ್ಲಿ ರಿಹರ್ಸಲ್ ಮಾಡುವಾಗ ಧ್ವನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಜನ ತುಂಬಿದ ಮೇಲೆ ನಮ್ಮ ಮೈ, ನಮ್ಮ ಬಟ್ಟೆ ಆ ಧ್ವನಿಯನ್ನು ಹೀರಿಕೊಳ್ಳುತ್ತದೆ. ಆಗ ನಟ ಇನ್ನಷ್ಟು ಗಟ್ಟಿಯಾಗಿ, ಬಿಡಿಸಿ ಮಾತಾಡಬೇಕು. ನೋಡಿ, ನಾವು ಸುಮ್ನೆ ಕೂತರೂ ಅಲ್ಲೊಂದು ಕೆಲಸ ಮಾಡುತ್ತಿರುತ್ತೇವೆ.

ಬೆಂಗಳೂರಿಗೆ ಹೋದಾಗ ನಾನು ತಪ್ಪಿಸದೆ ಹೋಗುವ ಜಾಗ ಜೆ.ಪಿ. ನಗರದ ರಂಗಶಂಕರ. ಅಲ್ಲಿ ಮುನ್ನೂರು ಚಿಲ್ಲರೆ ಸೀಟು. ಮೂರು ಕಡೆ ಜನ, ನಡುವೆ ಮುಂದಕ್ಕೆ ಚಾಚಿದ ರಂಗ. ಎಲ್ಲಿ ಕೂತರೂ ನಟ ಹತ್ತಿರ. ಶಂಕರ್ ನಾಗ್ ಕಂಡ ಕನಸು ಅದು. ಅವರು 1990ರಲ್ಲಿ ಅಪಘಾತದಲ್ಲಿ ಹೋದರು. ಹದಿನಾಲ್ಕು ವರ್ಷ ಆದಮೇಲೆ, 2004ರಲ್ಲಿ, ಅರುಂಧತಿ ನಾಗ್ ಅವರು ಅದನ್ನು ಕಟ್ಟಿ ನಿಲ್ಲಿಸಿದರು. ಅಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಯಾರೇ ಆಗಲಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಒಮ್ಮೆ ನಾನೂ ಹೊರಗೆ ಉಳಿದೆ. ತಪ್ಪು ನನ್ನದೇ. ಒಳಗೆ ಮುನ್ನೂರು ಜನರ ಕಿವಿ ಒಂದೇ ಕಡೆ ನೆಟ್ಟಿರುವಾಗ ನಾನು ಬಾಗಿಲು ತೆಗೆದು, ಬೆಳಕು ಬಿಟ್ಟು, "ಸ್ವಲ್ಪ ಜರುಗಿ" ಅಂತ ಹತ್ತು ಜನರ ಮಂಡಿ ದಾಟಿ ಹೋಗುವುದು ಸರಿಯಲ್ಲ. ನಮ್ಮ ಊರಿನ ನಾಟಕಗಳಿಗೂ ಈ ಪದ್ಧತಿ ಬರಬೇಕು. ಮುಖ್ಯ ಅತಿಥಿಗಳು ಬರಲಿ ಅಂತ ಮುಕ್ಕಾಲು ಗಂಟೆ ಕಾಯಿಸುವುದು, ಮಧ್ಯದಲ್ಲಿ ನಿಲ್ಲಿಸಿ ಶಾಲು ಹೊದಿಸುವುದು, ಇದೆಲ್ಲ ನಿಲ್ಲಬೇಕು. ಬಣ್ಣ ಹಚ್ಚಿಕೊಂಡು ವಿಂಗಿನ ಪಕ್ಕ ಕಾಯುತ್ತಿರುವ ನಟನ ಮೈ ಆರಿಹೋಗುತ್ತದೆ.

ಇನ್ನು ಪಾಸಿನ ವಿಷಯ. ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗಬಹುದು. ಆದರೂ ಹೇಳುತ್ತೇನೆ. ನಮ್ಮ ಪರಿಚಯದ ಹುಡುಗರು ನಾಟಕ ಮಾಡುತ್ತಾರೆ ಅಂತ ಗೊತ್ತಾದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ "ಒಂದೆರಡು ಪಾಸ್ ಇದೆಯಾ?" ಹೋಟೆಲ್ ಇಟ್ಟ ಗೆಳೆಯನ ಹತ್ತಿರ ನಾವು ಹಾಗೆ ದಿನಾ ಪುಕ್ಕಟೆ ದೋಸೆ ಕೇಳುವುದಿಲ್ಲ ಅಲ್ವಾ? ನೂರು ರೂಪಾಯಿ ಟಿಕೆಟು, ನೂರು ಜನ ಅಂತ ಇಟ್ಟುಕೊಳ್ಳಿ. ಹತ್ತು ಸಾವಿರ. ಅದರಲ್ಲಿ ಹಾಲಿನ ಬಾಡಿಗೆ, ಲೈಟಿನ ಬಾಡಿಗೆ, ಸೆಟ್ ತರುವ ಗಾಡಿ, ಮೇಕಪ್, ಬ್ಯಾನರು, ಎರಡು ತಿಂಗಳ ರಿಹರ್ಸಲ್ಲಿನ ಕಾಫಿ-ಟೀ. ನಟರ ಕೈಗೆ ಏನು ಉಳಿಯುತ್ತದೆ, ನೀವೇ ಹೇಳಿ. ಆ ನೂರರಲ್ಲಿ ನಲವತ್ತು ಜನ ಪಾಸಿನವರಾದರೆ ಮುಂದಿನ ನಾಟಕಕ್ಕೆ ಹಾರ್ಮೋನಿಯಂನವರ ಬದಲು ಟ್ರ್ಯಾಕ್ ಬರುತ್ತದೆ. ನಾನು ಆಗ ಹೇಳಿದೆನಲ್ಲ, ಬಿಳಿ ಐದರಿಂದ ಬಿಳಿ ನಾಲ್ಕಕ್ಕೆ ಇಳಿದ ಆ ಬೆರಳು, ಅದು ನಮ್ಮ ಟಿಕೆಟಿನಿಂದ ಬಂದದ್ದು.

ನಾಟಕ ಹೇಗೆ ನೋಡಬೇಕು ಅಂತ ಕೆಲವರು ಕೇಳುತ್ತಾರೆ. ಅದಕ್ಕೆ ಓದು, ವಿದ್ಯೆ ಏನೂ ಬೇಡ. ಆ ಅಜ್ಜಿಗಿಂತ ಚೆನ್ನಾಗಿ ನೋಡಿದವರನ್ನು ನಾನು ಕಂಡಿಲ್ಲ. ನನ್ನದೊಂದು ಅಭ್ಯಾಸ ಹೇಳುತ್ತೇನೆ. ಸಾಧ್ಯವಾದರೆ ಒಂದೇ ನಾಟಕವನ್ನು ಎರಡು ಸಲ ನೋಡುತ್ತೇನೆ. ಒಮ್ಮೆ ಎದುರಿನಿಂದ, ಇನ್ನೊಮ್ಮೆ ಮೇಳದ ಪಕ್ಕ ಕೂತು. ಎರಡನೇ ಸಲ ಕತೆ ಏನಾಗುತ್ತದೋ ಅನ್ನುವ ಕುತೂಹಲ ಇರುವುದಿಲ್ಲ. ಮಾತಾಡುವವರನ್ನು ಬಿಟ್ಟು ಸುಮ್ಮನೆ ನಿಂತಿರುವವರನ್ನು ನೋಡಬಹುದು. ಒಳ್ಳೆಯ ನಟ ಯಾರು ಅಂತ ಗೊತ್ತಾಗುವುದು ಅವನ ಮಾತು ಇಲ್ಲದಿರುವಾಗ. ಎದುರಿನವರ ಮಾತನ್ನು ಮೊದಲ ಸಲ ಕೇಳುತ್ತಿದ್ದಾನೋ, ತನ್ನ ಸರದಿಗೆ ಕಾಯುತ್ತಿದ್ದಾನೋ, ಹತ್ತಿರದಿಂದ ನೋಡಿದರೆ ತಿಳಿಯುತ್ತದೆ.

ಮಕ್ಕಳನ್ನು ಕರೆತನ್ನಿ. ಅವರು ನಡುವೆ ಏನಾದರೂ ಕೇಳಿದರೆ ಕಿವಿಯಲ್ಲಿ ಮೆಲ್ಲಗೆ ಹೇಳಿ. ಫೋನು ಮಾತ್ರ ಪೂರ್ತಿ ಆಫ್ ಮಾಡಿ. ಸೈಲೆಂಟ್ ಸಾಲದು. ಕತ್ತಲಲ್ಲಿ ಒಂದು ಸ್ಕ್ರೀನ್ ಬೆಳಗಿದರೆ ರಂಗದ ಮೇಲಿನವರಿಗೆ ಅಲ್ಲಿಂದಲೇ ನಿಮ್ಮ ಗಲ್ಲ ಕಾಣುತ್ತದೆ.

(ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಆಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಜನ ಕಡಿಮೆ ಇದ್ದರೆ ಅವರಿಗೆ ಬೇಜಾರಾಗಲ್ವಾ? ನಮಗೂ ಒಂಥರಾ ಆಗುತ್ತಲ್ವಾ?" ಅದಕ್ಕೆ ಹೇಳಿದ್ದನ್ನೂ ಇಲ್ಲಿ ಸೇರಿಸುತ್ತೇನೆ.)

ಬೇಜಾರಾಗುತ್ತದೆ ಮಗಳೇ. ಆಗುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ಜುಲೈ ತಿಂಗಳು. ಮಲೆನಾಡಿನ ಮಳೆ ನಿನಗೂ ಗೊತ್ತು. ಬೆಳಗಿನಿಂದ ಸುರಿಯುತ್ತಲೇ ಇತ್ತು. ನಾಟಕಕ್ಕೆ ಬಂದವರು ಹನ್ನೊಂದು ಜನ. ರಂಗದ ಮೇಲೆ ಹದಿನಾಲ್ಕು. ಸಂಘಟಕರು ಮುಖ ಸಣ್ಣ ಮಾಡಿಕೊಂಡು ಬಂದು, ನಿಲ್ಲಿಸಿಬಿಡೋಣವಾ ಅಂತ ಕೇಳಿದರಂತೆ. ನಿರ್ದೇಶಕರು ಪರದೆ ಸರಿಸಿ ಹೊರಗೆ ಬಂದರು. ಮುಖದಲ್ಲಿ ಅರ್ಧ ಬಣ್ಣ. "ಎಲ್ಲರೂ ದಯವಿಟ್ಟು ಮುಂದೆ ಬನ್ನಿ" ಅಂದರು. ನಾವು ಕೊಡೆ ಮಡಚಿ, ಒದ್ದೆ ಚಪ್ಪಲಿ ಬಿಟ್ಟು, ಮೊದಲ ಸಾಲಿನಲ್ಲಿ ಒಟ್ಟಿಗೆ ಕೂತೆವು. ತಗಡಿನ ಮೇಲೆ ಮಳೆ. ಮಾತು ಕೇಳುವುದೇ ಕಷ್ಟ. ಅದು ಗೊತ್ತಾಗಿ ಅವರು ರಂಗದ ಅಂಚಿಗೇ ಬಂದು ಆಡಿದರು. ಮಳೆ ಜೋರಾದಾಗ ಹಾಡನ್ನು ಎತ್ತಿದರು. ಕಡಿಮೆಯಾದಾಗ ಮಾತಾಡಿದರು. ಎರಡು ಗಂಟೆಯಲ್ಲಿ ಒಂದು ಹಾಡನ್ನೂ ಬಿಡಲಿಲ್ಲ, ಒಂದು ದೃಶ್ಯವನ್ನೂ ಮೊಟಕು ಮಾಡಲಿಲ್ಲ.

ಮುಗಿದ ಮೇಲೆ ನಾವು ಹನ್ನೊಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಹನ್ನೊಂದು ಜನರ ಚಪ್ಪಾಳೆ ಎಷ್ಟು ಸದ್ದು ಮಾಡೀತು? ಆ ಮಳೆಯಲ್ಲಿ ನಮಗೇ ಸರಿಯಾಗಿ ಕೇಳಿಸಲಿಲ್ಲ. ಅವರು ಕೆಳಗೆ ಇಳಿದು ಬಂದರು. ಎಲ್ಲರಿಗೂ ಒಂದೇ ಪಾತ್ರೆಯಿಂದ ಕಷಾಯ ಸೋಸಿ ಕೊಟ್ಟರು. ಮಳೆ ನಿಲ್ಲುವವರೆಗೆ ಅಲ್ಲೇ ಕೂತು ಮಾತಾಡಿದೆವು. ಆ ಹನ್ನೊಂದು ಜನರಿಗೆ ಅದುವರೆಗೆ ಒಬ್ಬರಿಗೊಬ್ಬರ ಪರಿಚಯ ಇರಲಿಲ್ಲ. ಅವರಲ್ಲಿ ನಾವು ಐದು ಜನ ಈಗಲೂ ಜೊತೆಯಾಗಿ ನಾಟಕಕ್ಕೆ ಹೋಗುತ್ತೇವೆ.

ಬರುವ ಶನಿವಾರವೂ ಹೊರಟಿದ್ದೇವೆ. ಹಾಡು ಇರುವ ನಾಟಕ, ಮೇಳ ಇದೆಯಂತೆ. ಐದೂವರೆಗೆ ಬಸ್ ಸ್ಟ್ಯಾಂಡಿನ ಹತ್ತಿರ ವ್ಯಾನು ನಿಂತಿರುತ್ತದೆ. ಇನ್ನೂ ಮೂರು ಜನಕ್ಕೆ ಜಾಗ ಇದೆ.